ಬೀಗದೊಳಗಿನ ಪ್ಲಗ್

ಶುಕ್ರವಾರ ಬೆಳಿಗ್ಗೆ ಹನ್ನೊಂದು ಗಂಟೆ ಐದು ನಿಮಿಷಕ್ಕೆ, ಮರಗೆಲಸದ ಶೆಡ್ಡಿನ ಗೋಡೆಗೆ ಜಡಿದಿದ್ದ ತಗಡಿನ ಡಬ್ಬಿಯ ಬೀಗ ತೆಗೆಯಲಾಯಿತು. ಒಳಗೆ ಒಂದು ಪ್ಲಗ್ ಇತ್ತು. ಅದರ ಕುತ್ತಿಗೆಗೆ ಕೆಂಪು ಟೇಪು ಸುತ್ತಿತ್ತು.

"ಹನ್ನೊಂದು ಐದು," ಎಂದು ಕಾನ್‌ಸ್ಟೆಬಲ್ ಬರೆದುಕೊಂಡ. ಸೀನಿದರೂ ಗಂಟೆ ನಿಮಿಷ ಬರೆದಿಡುವ ಅವನಿಗೆ ಠಾಣೆಯಲ್ಲಿ ಗಡಿಯಾರ ಎಂದೇ ಹೆಸರು.

"ಕೆಂಪು ಯಾವ ಮಷಿನ್ನಿಂದು?" ಇನ್ಸ್‌ಪೆಕ್ಟರ್ ಕೇಳಿದರು. ಪ್ಲಗ್ಗನ್ನು ಅವರು ಇನ್ನೂ ಮುಟ್ಟಿರಲಿಲ್ಲ.

"ಗರಗಸದ್ದು ಮೇಡಂ," ಬಾಗಿಲಲ್ಲಿ ನಿಂತಿದ್ದ ಪಾಲಿಶ್ ಕೆಲಸದವನು ಹೇಳಿದ. "ಹಳದಿ ಪ್ಲೇನರಿಂದು, ಹಲಗೆ ಹೆರೆದು ನಯ ಮಾಡೋದು. ಇರೋದೇ ಎರಡು ಮಷಿನ್ನು. ಕಣ್ಣು ಮುಚ್ಕೊಂಡು ಹೇಳ್ತೀನಿ."

"ಕಣ್ಣು ಬಿಟ್ಕೊಂಡೇ ಹೇಳಿ, ಸಾಕು."

ಬುಧವಾರ ಹತ್ತು ಐವತ್ತಕ್ಕೆ ಇದೇ ಶೆಡ್ಡಿನಲ್ಲಿ ಬ್ಲೇಡು ಬದಲಿಸುತ್ತಿದ್ದ ಮೇಸ್ತ್ರಿಯ ಕೈ ಮೇಲೆ ಗರಗಸ ಓಡಿತ್ತು. ಸ್ವಿಚ್ಚು ಒತ್ತಿದವನು ಅವರ ಅಳಿಯ. ಮೇಸ್ತ್ರಿ ಆಸ್ಪತ್ರೆಯಲ್ಲಿ ಎಚ್ಚರವಿಲ್ಲದೆ ಮಲಗಿದ್ದರು. ಅಳಿಯನನ್ನು ಗುರುವಾರ ಸಂಜೆ ಐದಕ್ಕೆ ಬಂಧಿಸಲಾಗಿತ್ತು. ಇವತ್ತು ಸಂಜೆ ಐದರೊಳಗೆ ಅವನನ್ನು ನ್ಯಾಯಾಧೀಶರ ಮುಂದೆ ನಿಲ್ಲಿಸಬೇಕು, ಇಲ್ಲವೇ ಬಿಟ್ಟುಬಿಡಬೇಕು. ಬರೆದಿದ್ದ ಆರೋಪ ಕೊಲೆಯತ್ನ.

ತಾನು ಒತ್ತಿದ್ದು ಪ್ಲೇನರಿನ ಸ್ವಿಚ್ಚು ಎಂದು ಅಳಿಯ ಮೊದಲ ಗಳಿಗೆಯಿಂದ ಒಂದೇ ಮಾತು ಹೇಳುತ್ತಿದ್ದ. ಯಾರೂ ನಂಬಿರಲಿಲ್ಲ. ಪ್ಲೇನರಿನ ಸ್ವಿಚ್ಚು ಒತ್ತಿದರೆ ಗರಗಸ ಓಡುವುದಿಲ್ಲ.

ಡಬ್ಬಿಯ ಕೀ ಮೇಸ್ತ್ರಿಯ ಅಂಗಿಯ ಜೇಬಿನಲ್ಲಿತ್ತು. ಆಸ್ಪತ್ರೆಯವರು ರಕ್ತದ ಬಟ್ಟೆಗಳ ಜೊತೆ ಗಂಟು ಕಟ್ಟಿ ಇಟ್ಟಿದ್ದರು. ಎರಡು ದಿನ ಅದನ್ನು ಯಾರೂ ಕೇಳಲಿಲ್ಲ.

"ಈ ಡಬ್ಬಿ ಯಾರ ತಲೆಯಿಂದ ಬಂದದ್ದು?"

"ಮೇಸ್ತ್ರೀದು. ಆರು ವರ್ಷದ ಹಿಂದೆ ಒಬ್ಬ ಬ್ಲೇಡು ಬದಲಾಯಿಸ್ತಿದ್ದ, ಇನ್ನೊಬ್ಬ ನೋಡದೆ ಪ್ಲಗ್ ಹಾಕಿಬಿಟ್ಟ. ಎರಡು ಬೆರಳು ಹೋಯ್ತು. ಮಾರನೇ ದಿನ ಮೇಸ್ತ್ರಿ ಬಿಸ್ಕತ್ತಿನ ಡಬ್ಬಿ ಖಾಲಿ ಮಾಡಿ ಇಲ್ಲಿ ಹೊಡೆದರು. ಬ್ಲೇಡು ಮುಟ್ಟೋ ಮುಂಚೆ ಸ್ವಿಚ್ಚು ಆರಿಸಬೇಕು, ಪ್ಲಗ್ ಕೀಳಬೇಕು, ಡಬ್ಬಿಯೊಳಗಿಟ್ಟು ಬೀಗ ಹಾಕಬೇಕು, ಕೀ ಜೇಬಿಗೆ ಹಾಕ್ಕೋಬೇಕು. 'ನನ್ನ ಕೀ ನನ್ನ ಜೇಬಲ್ಲಿರೋ ತನಕ ನನ್ನ ಬೆರಳು ನನ್ನ ಕೈಯಲ್ಲಿರುತ್ತೆ' ಅಂತಿದ್ರು. ಕೇಳಿ ಕೇಳಿ ನಮ್ಮ ಕಿವಿ ತೂತಾಗಿತ್ತು."

"ಬುಧವಾರ ಇಷ್ಟೂ ಮಾಡಿದ್ರಾ?"

"ನಾನೇ ನೋಡ್ದೆ. ಬೀಗ ಹಾಕಿ ಎರಡು ಸಲ ಜಗ್ಗಿದ್ರು."

ಕಾನ್‌ಸ್ಟೆಬಲ್ ಪೆನ್ನು ನಿಲ್ಲಿಸಿದ. "ಅಂದ್ರೆ ಗರಗಸದ ಪ್ಲಗ್ ಬೀಗದೊಳಗೆ. ಗರಗಸ ಮಾತ್ರ ಓಡ್ತು. ಮೇಡಂ, ಇದನ್ನ ದೆವ್ವದ ಕೇಸು ಅಂತ ಬರೀಲಾ?"

"ದೆವ್ವಕ್ಕೂ ಕರೆಂಟು ಬೇಕಪ್ಪ. ಹೋಗಿ ಗರಗಸದ ಕೆಳಗೆ ಕೂತ್ಕೊ. ಅದರ ವೈರು ಹಿಡ್ಕೊ."

ಶೆಡ್ಡಿನ ಫ್ಯೂಸು ಬುಧವಾರದಿಂದಲೇ ಹೊರಗಿತ್ತು. ಆದರೂ ಇನ್ಸ್‌ಪೆಕ್ಟರ್ ಮತ್ತೊಮ್ಮೆ ಫ್ಯೂಸಿನ ಪೆಟ್ಟಿಗೆ ನೋಡಿ ಬಂದರು. ಸ್ವಿಚ್ ಬೋರ್ಡು ಬಾಗಿಲ ಪಕ್ಕದ ಗೋಡೆಯಲ್ಲಿತ್ತು. ಎರಡು ಸಾಕೆಟ್ಟು, ಎರಡು ಸ್ವಿಚ್ಚು. ಗರಗಸದ ಮೇಜು ಆಚೆ ಮೂಲೆಯಲ್ಲಿ. ನಡುವೆ ಎದೆಯೆತ್ತರ ಪೇರಿಸಿದ ಹಲಗೆಗಳು. ಬೋರ್ಡಿನ ಹತ್ತಿರ ನಿಂತವರಿಗೆ ಮೇಜಿನಡಿ ಬಗ್ಗಿ ಕೂತವರು ಕಾಣುವುದಿಲ್ಲ.

ಎರಡು ಮಷಿನ್ನುಗಳ ವೈರುಗಳೂ ಕಪ್ಪು, ಒಂದೇ ದಪ್ಪ. ಯಾರೂ ಎಡವಿ ಬೀಳದಿರಲಿ ಎಂದು ಎರಡನ್ನೂ ನೆಲದ ಮೇಲೆ ಒಂದೇ ಪೈಪಿನೊಳಗೆ ಹಾಯಿಸಿದ್ದರು. ಪೈಪಿಗೆ ಹೋದ ಮೇಲೆ ಯಾವುದು ಯಾವುದೆಂದು ಹೇಳಲು ಪ್ಲಗ್ಗಿನ ಮೇಲಿನ ಟೇಪು ಬಿಟ್ಟು ಬೇರೆ ಗುರುತಿರಲಿಲ್ಲ.

ಇನ್ಸ್‌ಪೆಕ್ಟರ್ ಕೈಗವಸು ತೊಟ್ಟು ಕೆಂಪು ಟೇಪಿನ ಪ್ಲಗ್ಗಿನ ಹಿಂದಿನ ವೈರನ್ನು ಮೂರು ಸಲ ಎಳೆದರು.

"ಅಲ್ಲಾಡ್ತಾ?"

"ಇಲ್ಲ ಮೇಡಂ."

ಮತ್ತೆ ಮೂರು ಸಲ ಎಳೆದರು.

"ಇಲ್ಲ. ಇದು ಸತ್ತ ಹಾವಿನ ಹಾಗೆ ಬಿದ್ದಿದೆ."

"ಪ್ಲೇನರಿನ ಹತ್ತಿರ ಹೋಗು."

ಕಾನ್‌ಸ್ಟೆಬಲ್ ಮಂಡಿಗೆ ಅಂಟಿದ ಮರದ ಹೊಟ್ಟು ಕೊಡವಿಕೊಂಡು ಪ್ಲೇನರಿನ ಬಳಿಗೆ ಹೋದ. ಅವರು ಎಳೆದರು. ಅವನು ತಲೆಯೆತ್ತಿ ನೋಡಿದ.

"ಇಲ್ಲಿ ಅಲ್ಲಾಡ್ತಿದೆ," ಎಂದ. ಆಮೇಲೆ ಗಡಿಯಾರ ನೋಡಿಕೊಂಡು "ಹನ್ನೊಂದು ಇಪ್ಪತ್ತೊಂದು" ಎಂದು ಸೇರಿಸಿದ.

ಮೇಸ್ತ್ರಿ ಬೀಗ ಹಾಕಿದ್ದು ಪ್ಲೇನರಿನ ಪ್ಲಗ್ಗಿಗೆ. ಗರಗಸದ ಪ್ಲಗ್ ಹಳದಿ ಟೇಪು ಸುತ್ತಿಕೊಂಡು ಬೋರ್ಡಿನಲ್ಲೇ ಇತ್ತು. ಅಳಿಯ ಬಂದ, ಹಳದಿ ನೋಡಿದ, ಸ್ವಿಚ್ಚು ಒತ್ತಿದ.

"ಟೇಪು ಅದಲುಬದಲಾಗಿದೆ," ಎಂದರು ಇನ್ಸ್‌ಪೆಕ್ಟರ್. "ಅಳಿಯ ಹೇಳಿದ್ದು ನಿಜ. ಇನ್ನು ಒಂದೇ ಪ್ರಶ್ನೆ. ಸ್ವಿಚ್ಚು ಒತ್ತಿದ ಮಾತ್ರಕ್ಕೆ ಮಷಿನ್ನು ಯಾಕೆ ಓಡಬೇಕು? ಮಷಿನ್ನಿನ ಹಿಡಿಯಲ್ಲೇ ಗುಂಡಿ ಇರುತ್ತಲ್ಲ. ಅದನ್ನ ಒತ್ತಿ ಹಿಡೀಬೇಕು ತಾನೇ?"

ಪಾಲಿಶಿನವನು ಗರಗಸದ ಮೇಜಿನ ಕಡೆ ನೋಡಿದ.

ಇನ್ಸ್‌ಪೆಕ್ಟರ್ ಮೇಜಿನಡಿ ಟಾರ್ಚು ಬಿಟ್ಟರು. ಅದು ಕೈಯಲ್ಲಿ ಹಿಡಿದು ಕೊಯ್ಯುವ ಗರಗಸ. ಅದನ್ನು ತಲೆಕೆಳಗು ಮಾಡಿ ಹಲಗೆಯ ಅಡಿಗೆ ಬೋಲ್ಟು ಹಾಕಿ ಬಿಗಿದಿದ್ದರು. ಸೀಳಿನಿಂದ ಬ್ಲೇಡು ಮಾತ್ರ ಮೇಲಕ್ಕೆ ಬರುತ್ತಿತ್ತು. ಹಿಡಿಯ ಗುಂಡಿಯನ್ನು ತಂತಿ ಸುತ್ತಿ ಒತ್ತಿಟ್ಟಿದ್ದರು. ಬ್ಲೇಡು ಮುಚ್ಚುವ ಕಾಪು ಬೋಲ್ಟಿಗೆ ಅಡ್ಡ ಬರುತ್ತದೆಂದು ಬಿಚ್ಚಿ ಮೂಲೆಗೆ ಎಸೆದಿದ್ದರು.

"ಕೈ ಬಿಟ್ಟ ಕೂಡಲೇ ನಿಲ್ಲಲಿ ಅಂತ ಇರೋ ಗುಂಡಿ," ಎಂದರು. "ಅದಕ್ಕೇ ತಂತಿ ಬಿಗಿದಿದ್ದೀರಿ."

"ಎಲ್ಲ ಕಡೆ ಹೀಗೇ ಮಾಡ್ತಾರೆ ಮೇಡಂ. ದೊಡ್ಡ ಮಷಿನ್ನು ತರೋವರೆಗೆ ಅಂತ..."

"ಎಷ್ಟು ವರ್ಷ ಆಯ್ತು?"

"ಒಂಬತ್ತು."

"ಪ್ಲಗ್ಗಿಗೆ ಬೀಗ. ಗುಂಡಿಗೆ ತಂತಿ. ಒಂದೇ ಮನುಷ್ಯ."

"ಅವರಿಗೆ ಆ ಡಬ್ಬಿ ಮೇಲೆ ಅಷ್ಟು ನಂಬಿಕೆ ಮೇಡಂ."

ಆ ನಂಬಿಕೆ ಗೊತ್ತಿದ್ದವರೇ ಈ ಕೆಲಸ ಮಾಡಿದ್ದು. ಪ್ರತಿ ಬುಧವಾರ ಹತ್ತೂವರೆಯ ಚಹಾ ಮುಗಿದ ಮೇಲೆ ಬ್ಲೇಡು ಬದಲಾಗುತ್ತದೆ. ಚಹಾಕ್ಕೆ ಮುಂಚೆ ಎರಡೂ ಮಷಿನ್ನು ಸರಿಯಾಗಿಯೇ ಓಡಿದ್ದವು. ಟೇಪು ಬದಲಾಗಿದ್ದು ಚಹಾದ ಆ ಹದಿನೈದು ನಿಮಿಷದಲ್ಲಿ.

ಇನ್ಸ್‌ಪೆಕ್ಟರ್ ಎರಡೂ ಪ್ಲಗ್ಗುಗಳನ್ನು ಬಿಳಿ ಕಾಗದದ ಮೇಲೆ ಇಟ್ಟು ಭೂತಗನ್ನಡಿ ಹಿಡಿದರು.

ಶೆಡ್ಡಿನಲ್ಲಿ ಹೊಟ್ಟು ಕೂರದ ಜಾಗವಿರಲಿಲ್ಲ. ಗೋಡೆಯ ಕ್ಯಾಲೆಂಡರು, ಬಲ್ಬು, ಜೇಡನ ಬಲೆ, ಎಲ್ಲವೂ ಒಂದೇ ಕಂದು ಬಣ್ಣ. ಈ ಎರಡು ಟೇಪುಗಳು ಮಾತ್ರ ಅಂಗಡಿಯಿಂದ ಈಗ ತಂದ ಹಾಗೆ ಹೊಳೆಯುತ್ತಿದ್ದವು. ಚಿಮಟದಿಂದ ಹಳದಿಯ ಅಂಚು ಎತ್ತಿದಾಗ ಕೆಳಗೆ ಹಳೆಯ ಕೆಂಪಿನ ಒಂದು ಚೂರು ಅಂಟಿಕೊಂಡಿತ್ತು.

ಇನ್ನೊಂದು ವಿಷಯವಿತ್ತು. ಎರಡು ಟೇಪುಗಳ ತುದಿಯನ್ನೂ ಒಳಕ್ಕೆ ಮಡಚಲಾಗಿತ್ತು. ಅಕ್ಕಿಕಾಳಿನಷ್ಟೇ ಅಗಲ, ಒಂದೇ ಅಳತೆ.

"ಇದನ್ನ ನೋಡು. ಉಗುರಿಗೆ ಸಿಗೋ ಹಾಗೆ ಮಡಚಿದಾರೆ."

"ಯಾಕೆ ಮೇಡಂ?"

"ಟೇಪು ಸುತ್ತಿ ಮರೆತುಬಿಡೋರು ತುದಿ ಮಡಚಲ್ಲ. ಮತ್ತೆ ಬಿಚ್ಚಬೇಕು ಅಂತಿರೋರು ಮಡಚ್ತಾರೆ. ಕೆಲಸ ಆದ ಮೇಲೆ, ಗಲಾಟೆಯಲ್ಲಿ, ಮೇಸ್ತ್ರಿ ಜೇಬಿನ ಕೀ ತಗೊಂಡು ಬಣ್ಣ ಮೊದಲಿನ ಹಾಗೆ ಮಾಡಿಬಿಡೋ ಯೋಚನೆ ಇತ್ತು. ಹನ್ನೊಂದಕ್ಕೆಲ್ಲ ನಮ್ಮವರು ಬಂದು ಶೆಡ್ಡಿಗೆ ಬೀಗ ಹಾಕಿದ್ರು. ಆಗಲಿಲ್ಲ."

ಬಣ್ಣ ಮೊದಲಿನಂತೆ ಆಗಿಬಿಟ್ಟಿದ್ದರೆ ಅಳಿಯನ ಮಾತಿಗೆ ಸಾಕ್ಷಿಯೇ ಇರುತ್ತಿರಲಿಲ್ಲ.

ಹಲಗೆಗಳ ಹಿಂದಿನಿಂದ ಕಾನ್‌ಸ್ಟೆಬಲ್ ಕೂಗಿದ. ಅವನ ಕೈಯಲ್ಲಿ ಪಾಲಿಶ್ ಡಬ್ಬಿಯ ಮುಚ್ಚಳವಿತ್ತು. ಮುಚ್ಚಳದಲ್ಲಿ ಎರಡು ಸಿಗರೇಟಿನ ತುಂಡು.

ಇನ್ಸ್‌ಪೆಕ್ಟರ್ ಸ್ಟೂಲು ಎಳೆದು ಪಾಲಿಶಿನವನ ಎದುರು ಹಾಕಿದರು. "ಕೂತ್ಕೊಳ್ಳಿ. ಚಹಾ ಹೊತ್ತಲ್ಲಿ ಎಲ್ಲರೂ ಅಂಗಳದಲ್ಲೇ ಇದ್ವಿ ಅಂತ ಬುಧವಾರ ಬರೆಸಿದ್ದೀರಿ."

"ಇದ್ವಲ್ಲ."

"ಈ ಸಿಗರೇಟು ಯಾರು ಸೇದಿದ್ದು?"

ಅವನು ಕೂರಲಿಲ್ಲ. ಕೈಗಳು ಪಾಲಿಶಿನಿಂದ ಮೊಣಕೈವರೆಗೆ ಕೆಂಪಗಿದ್ದವು. ಅವುಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ.

"ಮೇಸ್ತ್ರಿ ಸೇದ್ತಾರೇನೋ."

"ಅವರು ಸೇದಲ್ಲ. ಅಳಿಯನೂ ಸೇದಲ್ಲ. ನಿಮ್ಮ ಜೇಬಲ್ಲಿರೋ ಪೊಟ್ಟಣ ಇಲ್ಲಿಂದಲೇ ಕಾಣ್ತಿದೆ."

ಅವನು ಬೆನ್ನ ಹಿಂದಿನ ಕೈ ತೆಗೆದು ಜೇಬಿನ ಮೇಲಿಟ್ಟ.

"ಹೌದು, ಒಳಗೆ ಬಂದಿದ್ದೆ," ಎಂದ ಅವನು. "ಅಂಗಳದಲ್ಲಿ ಥಿನ್ನರ್ ಕ್ಯಾನಿದೆ, ಕಿಡಿ ತಾಗಿದ್ರೆ ಹತ್ಕೊಳ್ಳುತ್ತೆ. ಅಲ್ಲಿ ಸೇದಿದ್ರೆ ಮೇಸ್ತ್ರಿ ಚರ್ಮ ಸುಲೀತಾರೆ."

"ಅದಕ್ಕೆ ಹೊಟ್ಟಿನ ಮಧ್ಯೆ ಬಂದು ಸೇದಿದ್ರಿ."

"ಬುದ್ಧಿ ಇದ್ದಿದ್ರೆ ನಾನು ಪಾಲಿಶ್ ಹೊಡೀತಿರ್ಲಿಲ್ಲ ಮೇಡಂ."

"ಬೋರ್ಡಿನ ಹತ್ತಿರ ಹೋದ್ರಾ?"

"ಇಲ್ಲ."

"ಮೇಸ್ತ್ರಿ ಜೊತೆ ಜಗಳ?"

"ದಿನಾ ಇತ್ತು. ಅವರು ಬಯ್ಯದೇ ಇದ್ದ ದಿನ ನನಗೆ ಊಟ ಸೇರ್ತಿರ್ಲಿಲ್ಲ." ಅವನು ಫ್ಯೂಸಿನ ಪೆಟ್ಟಿಗೆಯ ಕಡೆ ಕೈ ತೋರಿಸಿದ. "ಫ್ಯೂಸು ಕಿತ್ತವನು ನಾನು. ಅಳಿಯ ಕೈ ಒತ್ತಿ ಹಿಡ್ಕೊಂಡಿದ್ದ, ಟವೆಲ್ಲು ಬಿಗಿದವನು ನಾನು. ನಾನ್ಯಾಕೆ ಮಾಡ್ಲಿ?"

ಇನ್ಸ್‌ಪೆಕ್ಟರ್ ಕಪಾಟಿನಿಂದ ಅವನ ಕಾಗದದ ಟೇಪಿನ ಸುರುಳಿ ತೆಗೆದು ಕೊಟ್ಟರು. ಪಾಲಿಶ್ ತಾಗದಿರಲಿ ಎಂದು ಅಂಚುಗಳಿಗೆ ಅಂಟಿಸುವ ಟೇಪು ಅದು.

"ಈ ಸ್ಟೂಲಿನ ಕಾಲಿಗೆ ಎರಡು ಸುತ್ತು ಹಾಕಿ."

ಅವನು ಅನುಮಾನದಿಂದ ತೆಗೆದುಕೊಂಡ. ತುದಿ ಸಿಗಲಿಲ್ಲ. ಬೆಳಕಿಗೆ ಹಿಡಿದು ಹೆಬ್ಬೆರಳಿನ ಉಗುರಿನಿಂದ ಸುತ್ತಲೂ ಕೆರೆದ. "ಹಾಳಾದ್ದು ಎಲ್ಲಿ ಅಡಗಿದೆಯೋ," ಎಂದು ಗೊಣಗಿದ. ಕೊನೆಗೆ ಎಬ್ಬಿಸಿ, ಎಳೆದು, ಸುತ್ತಿ, ಹಲ್ಲಿನಿಂದ ಹರಿದ. ಹರಿದ ತುದಿ ಇಲಿ ಕಡಿದಂತಿತ್ತು. ಅದನ್ನು ಹಾಗೆಯೇ ಬೆರಳಿನಿಂದ ಒತ್ತಿ ಕೈಬಿಟ್ಟ.

ಕಪಾಟಿನಲ್ಲಿದ್ದ ಉಳಿದ ಐದು ಸುರುಳಿಗಳನ್ನೂ ಇನ್ಸ್‌ಪೆಕ್ಟರ್ ನೋಡಿದರು. ಒಂದರ ತುದಿಯೂ ಮಡಚಿರಲಿಲ್ಲ.

"ನೀವು ಒಳಗಿದ್ದಾಗ ಬೇರೆ ಯಾರಾದ್ರೂ ಬಂದ್ರಾ?"

"ಯಾರೂ ಇಲ್ಲ."

"ಚಹಾ ಲೋಟ ಯಾರು ತಗೊಂಡು ಹೋದ್ರು?"

"ಅದು ಮನೆ ಮಗಳು ಮೇಡಂ, ಮೇಸ್ತ್ರಿ ಮಗಳು. ಮನೆಗೆ ಹೋಗೋ ಬಾಗಿಲು ಈ ಶೆಡ್ಡಲ್ಲೇ ಇದೆ. ದಿನಕ್ಕೆ ಹತ್ತು ಸಲ ಓಡಾಡ್ತಾಳೆ. ಅವಳನ್ನ ಬಂದಳು ಹೋದಳು ಅಂತ ಯಾರು ನೋಡ್ತಾರೆ?"

ಕಾನ್‌ಸ್ಟೆಬಲ್ ಅದನ್ನೂ ಬರೆದುಕೊಂಡ. ಅವನು ಎಲ್ಲವನ್ನೂ ಬರೆದುಕೊಳ್ಳುತ್ತಿದ್ದ.

ಹೊರಬರುವಾಗ ಮುಂದಿನ ಕೋಣೆಯಲ್ಲಿ ಗಿರಾಕಿಗಳಿಗೆ ಕಳಿಸಬೇಕಾದ ಎಂಟು ಸ್ಟೂಲುಗಳು ದಪ್ಪ ಕಾಗದ ಸುತ್ತಿಕೊಂಡು ಸಾಲಾಗಿ ನಿಂತಿದ್ದವು. ಇಬ್ಬರೂ ಅವುಗಳನ್ನು ದಾಟಿಕೊಂಡು ಹೋದರು. ಗಂಟೆ ಒಂದಾಗಿತ್ತು.

ಒಂದು ಇಪ್ಪತ್ತಕ್ಕೆ ಆಸ್ಪತ್ರೆಯಿಂದ ಸುದ್ದಿ ಬಂತು. ಮೇಸ್ತ್ರಿಯ ಮುಂಗೈ ಉಳಿದಿದೆ, ಬೆರಳುಗಳ ಮಾತು ಈಗಲೇ ಹೇಳಲಾಗದು. ಅವರನ್ನು ಪ್ರತ್ಯೇಕ ಕೋಣೆಗೆ ಹಾಕಿದ್ದಾರೆ. ನಾಲ್ಕರ ಹೊತ್ತಿಗೆ ಎಚ್ಚರವಾಗಬಹುದು.

ಪ್ಲಗ್ಗುಗಳ ಫೋಟೋ, ವೈರಿನ ಪರೀಕ್ಷೆಯ ವರದಿ, ಪಾಲಿಶಿನವನ ಹೊಸ ಹೇಳಿಕೆ, ಮೂರನ್ನೂ ಸೇರಿಸಿ ಇನ್ಸ್‌ಪೆಕ್ಟರ್ ಎರಡು ಗಂಟೆ ಕೂತು ಬರೆದರು. ಮೂರು ಐವತ್ತಕ್ಕೆ ಅಳಿಯನನ್ನು ಲಾಕಪ್ಪಿನಿಂದ ಕರೆಸಿದರು.

ಮೂವತ್ತು ದಾಟದ, ತೆಳ್ಳನೆಯ ಮನುಷ್ಯ. ಎರಡು ದಿನದಲ್ಲಿ ಗಡ್ಡ ಬೆಳೆದಿತ್ತು. ಬುಧವಾರದಿಂದ ಬದಲಿಸದ ಅಂಗಿಯ ತೋಳಿನಲ್ಲಿ ಮಾವನ ರಕ್ತದ ಕಲೆ ಒಣಗಿ ಕಪ್ಪಾಗಿತ್ತು.

"ಕೂತ್ಕೊಳ್ಳಿ. ನೀವು ಹೇಳಿದ್ದು ನಿಜ. ನೀವು ಒತ್ತಿದ್ದು ಹಳದಿ ಪ್ಲಗ್ಗಿನ ಸ್ವಿಚ್ಚೇ. ಯಾರೋ ಟೇಪು ಅದಲುಬದಲು ಮಾಡಿದ್ರು."

ಅವನು ಕೂತ.

"ಮಾವ ಹೇಗಿದ್ದಾರೆ?"

"ಪ್ರಾಣಕ್ಕೇನೂ ಇಲ್ಲ. ಇಷ್ಟೊತ್ತಿಗೆ ಎಚ್ಚರ ಆಗಿರಬೇಕು."

"ಅವರಿಗೆ ಹೇಳ್ತೀರಾ? ನಾನು ಬೇಕು ಅಂತ ಮಾಡಿದ್ದಲ್ಲ ಅಂತ. ನಾನು ಹೇಳಿದ್ರೆ ನಂಬಲ್ಲ ಅವರು."

"ನೀವೇ ಹೇಳಿ. ಇಲ್ಲೊಂದು ಸಹಿ ಮಾಡಿದ್ರೆ ಹೋಗಬಹುದು."

ಅವನು ಪೆನ್ನು ಹಿಡಿಯಲು ಹೋಗಿ ನೋವಿಗೆ ಮುಖ ಕಿವಿಚಿದ. ಬಲಗೈಯ ಹೆಬ್ಬೆರಳಿಗೆ ಪಟ್ಟಿ ಕಟ್ಟಿತ್ತು. ಬಿಳಿ ಬಟ್ಟೆ, ಅದರ ಮೇಲೆ ಔಷಧದಂಗಡಿಯ ಟೇಪು.

ಇನ್ಸ್‌ಪೆಕ್ಟರ್ ಅದನ್ನು ನೋಡಿದರು. ಟೇಪಿನ ತುದಿ ಒಳಕ್ಕೆ ಮಡಚಿತ್ತು. ಅಕ್ಕಿಕಾಳಿನಷ್ಟು ಅಗಲ.

"ಇದೇನಾಯ್ತು?" ಅವರ ದನಿ ಏರಲಿಲ್ಲ.

"ಮಾವನ ಕೈ ಎಳೀವಾಗ ಬ್ಲೇಡು ತಾಗ್ತು. ಹೆಚ್ಚೇನಿಲ್ಲ."

"ಆಸ್ಪತ್ರೆಯಲ್ಲಿ ಕಟ್ಟಿದ್ರಾ?"

"ಇಲ್ಲ, ನಿನ್ನೆ ಬೆಳಿಗ್ಗೆ ಮನೇಲಿ. ನನ್ನ ಹೆಂಡತಿ ಕಟ್ಟಿದ್ಲು."

"ತುದಿ ಮಡಚಿದ್ದಾರಲ್ಲ."

ಅವನು ಬೆರಳು ತಿರುಗಿಸಿ ನೋಡಿಕೊಂಡು ನಕ್ಕ. ಎರಡು ದಿನದಲ್ಲಿ ಅವನು ನಕ್ಕಿದ್ದು ಅದೊಂದೇ ಸಲ. "ಅವಳು ಎಲ್ಲಾದನ್ನೂ ಹಾಗೇ ಮಡಚ್ತಾಳೆ. ಬಿಚ್ಚೋರಿಗೆ ಕಷ್ಟ ಆಗಬಾರದು ಅಂತೆ. ಪ್ಯಾಕಿಂಗ್ ಮಾಡಿ ಮಾಡಿ ಅಭ್ಯಾಸ. ನಮ್ಮ ಸ್ಟೂಲು, ಕುರ್ಚಿ ಎಲ್ಲಾ ಕಟ್ಟೋದು ಅವಳೇ."

"ಮೊದಲಿಂದ ಪ್ಯಾಕಿಂಗೇನಾ?"

"ಇಲ್ಲ ಇಲ್ಲ. ಮೊದಲು ಪ್ಲೇನರ್ ಮೇಲೆ ಕೆಲಸ ಮಾಡ್ತಿದ್ದದ್ದೇ ಅವಳು. ನನಗಿಂತ ಚೆನ್ನಾಗಿ ಮಾಡ್ತಿದ್ಲು. ಆ ಟೇಪಿನ ಗುರುತೂ ಅವಳು ಹಚ್ಚಿದ್ದೇ. ಮದುವೆ ಆದ ಮೇಲೆ ಮಾವ ಮಷಿನ್ನು ನನ್ನ ಕೈಗೆ ಕೊಟ್ಟು, ನೀನು ಮುಂದಿನ ಕೋಣೇಲಿ ಕೂತ್ಕೊ ಅಂದ್ರು. ಅವಳು ಒಂದು ಮಾತಾಡ್ಲಿಲ್ಲ..."

ಮಾತು ಅಲ್ಲಿಗೆ ನಿಂತಿತು. ಮೇಜಿನ ಮೇಲೆ ಪ್ಲಗ್ಗುಗಳ ಫೋಟೋ ತೆರೆದೇ ಇತ್ತು. ಮಡಚಿದ ತುದಿಗಳ ಸುತ್ತ ಇನ್ಸ್‌ಪೆಕ್ಟರ್ ಪೆನ್ಸಿಲಿನಲ್ಲಿ ಗುಂಡಗೆ ಗೆರೆ ಎಳೆದಿದ್ದರು. ಅವನು ಅದನ್ನು ನೋಡಿದ. ತನ್ನ ಹೆಬ್ಬೆರಳನ್ನು ನೋಡಿದ. ಹೆಬ್ಬೆರಳನ್ನು ಮುಷ್ಟಿಯೊಳಗೆ ಸೇರಿಸಿ ಕೈಯನ್ನು ಮೇಜಿನಡಿಗೆ ಇಳಿಸಿದ.

"ಮೇಡಂ, ಈ ಪಟ್ಟಿ ನಾನೇ ಕಟ್ಟಿಕೊಂಡದ್ದು."

"ಎಡಗೈಯಿಂದಲಾ?"

"ಹೌದು."

"ಈಗ ಬಿಚ್ಚಿ ಇನ್ನೊಂದು ಸಲ ಕಟ್ಟಿ ತೋರಿಸ್ತೀರಾ?"

ಅವನು ಅಲುಗಲಿಲ್ಲ. "ಟೇಪು ಬದಲಾಯಿಸಿದ್ದೂ ನಾನೇ. ಬರ್ಕೊಳ್ಳಿ. ಐದು ಗಂಟೆಗೆ ಕರ್ಕೊಂಡು ಹೋಗಿ."

ಕಾನ್‌ಸ್ಟೆಬಲ್ ಪೆನ್ನು ತೆರೆದು ಹಿಡಿದಿದ್ದ. ಏನೂ ಬರೆಯಲಿಲ್ಲ.

"ನಿಮ್ಮ ಮಾವನ ಕೈ ಹೋಗ್ತಿತ್ತು, ನೀವು ಜೈಲಿಗೆ ಹೋಗ್ತಿದ್ರಿ," ಎಂದರು ಇನ್ಸ್‌ಪೆಕ್ಟರ್. "ಎರಡೂ ಒಂದೇ ಸ್ವಿಚ್ಚಿನಲ್ಲಿ. ಅದನ್ನ ಯೋಚನೆ ಮಾಡಿ ಹೇಳಿ."

"ನಾನು ಹೇಳೋದು ಹೇಳಿಯಾಯ್ತು."

ಇನ್ಸ್‌ಪೆಕ್ಟರ್ ಕಾನ್‌ಸ್ಟೆಬಲ್ ಕಡೆ ತಿರುಗಿದರು. "ಮೇಸ್ತ್ರಿ ಕೋಣೆ ಹತ್ತಿರ ನಮ್ಮವರು ಯಾರಿದ್ದಾರೆ?"

ಅವನು ಪುಸ್ತಕದ ಹಾಳೆ ತಿರುಗಿಸಿದ. "ಯಾರೂ ಇಲ್ಲ ಮೇಡಂ. ಅಳಿಯ ಸಿಕ್ಕಿದ ಅಂತ ನಿನ್ನೆ ಸಂಜೆ ಐದು ಹತ್ತಕ್ಕೆ ಕಾವಲು ತೆಗೆದ್ವಿ. ಮಗಳು ಒಬ್ಬರೇ ಇದ್ದಾರೆ."

ಆಸ್ಪತ್ರೆಗೆ ಫೋನು ಮಾಡಿದ್ದು ಇನ್ಸ್‌ಪೆಕ್ಟರೇ. ಆ ಕಡೆ ಬಂದವಳು ಆ ಮಹಡಿಯ ನರ್ಸು. ಮೇಸ್ತ್ರಿಗೆ ನಾಲ್ಕು ಗಂಟೆ ಎರಡು ನಿಮಿಷಕ್ಕೆ ಎಚ್ಚರವಾಯಿತು, ಪೊಲೀಸರನ್ನು ಕರೆಯಿರಿ ಎಂದರು ಎಂದು ಅವಳು ಹೇಳಿದಳು. ಅಪ್ಪ ದಣಿದಿದ್ದಾರೆ, ಸ್ವಲ್ಪ ಹೊತ್ತು ಯಾರೂ ಬರಬೇಡಿ ಎಂದು ಮಗಳು ತನ್ನನ್ನು ಹೊರಗೆ ಕಳಿಸಿದ್ದಾಳೆ ಎಂದೂ ಹೇಳಿದಳು.

"ಈಗಲೇ ಒಳಗೆ ಹೋಗಿ. ಫೋನು ಇಡಬೇಡಿ."

ನರ್ಸಿನ ಚಪ್ಪಲಿಯ ಸದ್ದು ದೂರವಾಯಿತು. ಬಾಗಿಲು ತಟ್ಟಿದ್ದು ಕೇಳಿಸಿತು. ಮತ್ತೆ ತಟ್ಟಿದ್ದು ಕೇಳಿಸಿತು. ಅಳಿಯ ಕುರ್ಚಿಯಿಂದ ಎದ್ದು ನಿಂತಿದ್ದ.

ನಾಲ್ಕು ಗಂಟೆ ಹದಿನಾಲ್ಕು ನಿಮಿಷಕ್ಕೆ ನರ್ಸು ಫೋನಿಗೆ ಮರಳಿ ಬಂದು, ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿದೆ ಎಂದಳು.